ಚಳಿಯ ಬೆಳಗ್ಗೆ ಲಾರಿಗೆ ಅರ್ಧ ಗಂಟೆ ಐಡ್ಲಿಂಗ್ ಏಕೆ ಬೇಡ

ಮಾನ್ಯ ಸಂಪಾದಕರೇ,

ಹುತ್ತರಿ ಕಳೆದು ಕಾಫಿ ಕೊಯ್ಲು ಜೋರಾಗುವ ಹೊತ್ತಿಗೆ ಮಡಿಕೇರಿ, ಸೋಮವಾರಪೇಟೆ, ಶನಿವಾರಸಂತೆ ಕಡೆ ಬೆಳಗಿನ ಜಾವದ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಆಗ ಎಲ್ಲೆಡೆ ಕಾಣುವ ಒಂದು ರೂಢಿಯಿದೆ. ಐದು ಗಂಟೆಗೆಲ್ಲ ಲಾರಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮೇಲೆ ಒಂದು ಕಲ್ಲಿಟ್ಟು, ಕಾಫಿ ಕುಡಿದು ಬರುವತನಕ ಅರ್ಧ ಗಂಟೆ ಎಂಜಿನ್ ಅನ್ನು ನಿಂತಲ್ಲೇ ಓಡಲು ಬಿಡುವುದು. ‘ಎಂಜಿನ್ ಬಿಸಿ ಮಾಡುವುದು’ ಎಂದು ಅದಕ್ಕೆ ಹೆಸರು. ಲಾರಿ ಓಡಿಸುವ, ಎಂಜಿನ್ ಬಿಚ್ಚಿ ಕಟ್ಟುವ ಕೆಲಸದಲ್ಲಿರುವ ನಾವು ಹೇಳಬೇಕಾದದ್ದು ಇಷ್ಟೇ: ನಮ್ಮ ಜಿಲ್ಲೆಯ ಚಳಿಗೆ ಆ ಅರ್ಧ ಗಂಟೆ ಬೇಕಿಲ್ಲ. ಅದರಿಂದ ಎಂಜಿನ್ ಸರಿಯಾಗಿ ಬಿಸಿಯೂ ಆಗುವುದಿಲ್ಲ, ಬಾಳಿಕೆಯೂ ಬರುವುದಿಲ್ಲ.

ಈ ರೂಢಿಗೆ ಒಂದು ಮೂಲವಿದೆ. ಸೈನ್ಯದಲ್ಲಿದ್ದು ಲಡಾಖ್‌ನಂಥ ಜಾಗದಲ್ಲಿ ಗಾಡಿ ನೋಡಿ ಬಂದವರು ಕೊಡಗಿನ ಊರೂರಲ್ಲೂ ಇದ್ದಾರೆ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಎಂಜಿನ್ ಆಯಿಲ್ ಜೋನಿಬೆಲ್ಲದಂತೆ ಆಗುತ್ತದೆ. ಇನ್ನೂ ಚಳಿಯ ದೇಶಗಳಲ್ಲಿ ರಾತ್ರಿಯಿಡೀ ಎಂಜಿನ್ ಬ್ಲಾಕ್‌ಗೆ ಕರೆಂಟಿನ ಹೀಟರ್ ಸಿಕ್ಕಿಸಿಡುತ್ತಾರೆ. ಅಲ್ಲಿ ಅದು ಸರಿಯಾದ ಕ್ರಮ. ಮಡಿಕೇರಿಯ 10 ಡಿಗ್ರಿಗೆ ಅದೇ ಲೆಕ್ಕ ಹಾಕುವುದು ತಪ್ಪು.

ಐಡ್ಲಿಂಗ್‌ನಲ್ಲಿ ಡೀಸೆಲ್ ಎಂಜಿನ್ ಏಕೆ ಬಿಸಿಯಾಗುವುದಿಲ್ಲ? ನಿಂತಲ್ಲೇ ಓಡುವಾಗಲೂ ಅದು ಸಿಲಿಂಡರ್ ತುಂಬ ಗಾಳಿ ಎಳೆಯುತ್ತದೆ, ಡೀಸೆಲ್ ಬೀಳುವುದು ಮಾತ್ರ ಚೂರೇ ಚೂರು. ಆ ಚೂರು ಉರಿಯ ಶಾಖದಲ್ಲಿ ಅಷ್ಟೊಂದು ಗಾಳಿ, ಅಷ್ಟು ದೊಡ್ಡ ಕಬ್ಬಿಣದ ಬ್ಲಾಕ್, ಅದರೊಳಗಿನ ಆಯಿಲ್ ಮತ್ತು ಕೂಲಂಟ್ ಎಲ್ಲವೂ ಬಿಸಿಯಾಗಬೇಕು. ಬಿಸಿಯಾದ ಮೇಲಷ್ಟೇ ರೇಡಿಯೇಟರ್‌ಗೆ ನೀರು ಬಿಡುವ ಥರ್ಮೋಸ್ಟಾಟ್ ತೆರೆಯುವ 80 ಡಿಗ್ರಿಯ ಸುತ್ತಮುತ್ತಲ ಶಾಖಕ್ಕೆ ಚಳಿಯಲ್ಲಿ ಬರೀ ಐಡ್ಲಿಂಗ್‌ನಿಂದ ಮುಟ್ಟುವುದು ಕಷ್ಟ. ಅದೇ ಎಂಜಿನ್ ಲೋಡಿನ ಮೇಲೆ ನಾಲ್ಕೈದು ಕಿಲೋಮೀಟರ್ ಓಡಿದರೆ ಗೇಜಿನ ಮುಳ್ಳು ತಾನಾಗಿ ಮೇಲೇಳುತ್ತದೆ.

ತಣ್ಣಗಿನ ಸಿಲಿಂಡರ್‌ನಲ್ಲಿ ಪೂರ್ತಿ ಉರಿಯದ ಡೀಸೆಲ್ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಸೈಲೆನ್ಸರ್‌ನಿಂದ ಬಿಳಿ ಹೊಗೆಯಾಗಿ ಹೊರಬರುತ್ತದೆ. ಅದು ಮಂಜಿನಂತೆ ಕಂಡರೂ ಕಣ್ಣು ಉರಿಸುತ್ತದೆ, ಹಸಿ ಡೀಸೆಲ್ ವಾಸನೆ ಹೊಡೆಯುತ್ತದೆ. ಇನ್ನೊಂದು ಪಾಲು ಸಿಲಿಂಡರ್‌ನ ಒಳಗೋಡೆಯಾದ ಲೈನರ್ ಮೇಲಿನ ಆಯಿಲ್ ಪೊರೆಯನ್ನು ತೊಳೆದು, ಪಿಸ್ಟನ್ ರಿಂಗ್ ಸಂದಿನಿಂದ ಜಾರಿ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ಪೊರೆಯಿಲ್ಲದ ಲೈನರ್ ಮೇಲೆ ರಿಂಗ್ ಉಜ್ಜಿ ಉಜ್ಜಿ ಸವೆಯುತ್ತದೆ. ಡೀಸೆಲ್ ಚಿಮ್ಮುವ ನಾಜಲ್ ತುದಿಗೂ ವಾಲ್ವ್‌ಗೂ ಮಸಿ ಕಟ್ಟುತ್ತದೆ. ಬೋರ್ ಕೆಲಸಕ್ಕೆ (ಸವೆದ ಸಿಲಿಂಡರ್ ಕೊರೆದು ಸರಿಪಡಿಸಲು) ಬೇಗ ಬರುವ ಎಷ್ಟೋ ಎಂಜಿನ್‌ಗಳಲ್ಲಿ ಕಾಣುವ ಸವೆತ ಈ ಬಗೆಯದು.

ನಿಮ್ಮ ಗಾಡಿಯಲ್ಲಿ ಹೀಗಾಗುತ್ತಿದೆಯೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು, ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಎಳೆಯಿರಿ. ಆಯಿಲ್ ಹಾಕದೆಯೇ ಮಟ್ಟ ಮೇಲಿನ ಗೆರೆ ದಾಟಿದ್ದರೆ ಸಂಶಯಪಡಿ. ಕಡ್ಡಿಯ ತುದಿಯ ಒಂದು ಹನಿಯನ್ನು ಹಳೆಯ ಪತ್ರಿಕೆಯ ಖಾಲಿ ಅಂಚಿನ ಮೇಲೆ ಬಿಟ್ಟು ಅರ್ಧ ಗಂಟೆ ಇಡಿ. ಒಳ್ಳೆಯ ಆಯಿಲ್ ನಡುವೆ ಕಪ್ಪಗೆ ಗಟ್ಟಿಯಾಗಿ ನಿಲ್ಲುತ್ತದೆ. ಡೀಸೆಲ್ ಬೆರೆತಿದ್ದರೆ ಕಪ್ಪು ಚುಕ್ಕೆಯ ಸುತ್ತ ತಿಳಿ ಹಳದಿಯ ಅಗಲವಾದ ಉಂಗುರ ಹರಡುತ್ತದೆ, ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ ಗೊತ್ತಾಗುತ್ತದೆ. ಅಂಥ ಆಯಿಲ್ ಅನ್ನು ಸರ್ವಿಸ್ ದಿನದವರೆಗೆ ಕಾಯಿಸದೆ ಬದಲಿಸಬೇಕು. ನಾಜಲ್ ಸೋರಿದರೂ ಪಂಪಿನ ಸೀಲ್ ಹೋದರೂ ಇದೇ ಲಕ್ಷಣ, ಆದ್ದರಿಂದ ಅದನ್ನೂ ಜೊತೆಗೇ ನೋಡಿಸಿ.

ಹಾಗಾದರೆ ಎಷ್ಟು ಹೊತ್ತು ನಿಲ್ಲಬೇಕು? ಆಯಿಲ್ ಮೇಲೇರುವಷ್ಟು, ಬ್ರೇಕಿನ ಟ್ಯಾಂಕಿಗೆ ಏರ್ ತುಂಬುವಷ್ಟು. ಸಾಮಾನ್ಯವಾಗಿ ಬಳಸುವ 15ಡಬ್ಲ್ಯು-40 ಆಯಿಲ್, ಬಿಸಿಯಾದ ಎಂಜಿನ್‌ನ 100 ಡಿಗ್ರಿಯಲ್ಲಿ ಇರುವುದಕ್ಕಿಂತ 10 ಡಿಗ್ರಿಯಲ್ಲಿ ಸುಮಾರು 40 ಪಟ್ಟು ಮಂದವಾಗಿರುತ್ತದೆ. ಆದರೂ ಪಂಪ್ ಅದನ್ನು ಸಲೀಸಾಗಿ ಎಳೆಯುತ್ತದೆ, ಏಕೆಂದರೆ ಈ ಆಯಿಲ್ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಸ್ಟಾರ್ಟ್ ಆಗುವಂತೆ ಪರೀಕ್ಷೆಯಾಗಿ ಬಂದದ್ದು. ಅದಕ್ಕೆ ಬೇಕಿರುವುದು ಕೆಲವು ಸೆಕೆಂಡು. ಆ ಸೆಕೆಂಡುಗಳಲ್ಲಿ ರೇಸ್ ಕೊಡುವುದೇ ದೊಡ್ಡ ಕೆಡುಕು. ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲ, ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊದ ಬುಷ್‌ಗಳಿಗೆ ಆಯಿಲ್ ತಲುಪುವುದು ಕೊನೆಗೆ. ಸ್ಟಾರ್ಟ್ ಆದ ಕೂಡಲೇ ‘ಗರ್’ ಎನ್ನಿಸಿದರೆ ಅವು ಒಣಗಿದಂತೆಯೇ ತಿರುಗುತ್ತವೆ.

ಕ್ರಮ ಹೀಗಿರಲಿ. ಕೀ ತಿರುಗಿಸಿ, ಒಂದೆರಡು ಕ್ಷಣ ಕಾಯಿರಿ. ಪಿಕಪ್‌ನಂಥ ಸಣ್ಣ ಗಾಡಿಯಲ್ಲಿ ಹೀಟರ್ ಪ್ಲಗ್‌ನ ಸುರುಳಿ ಗುರುತು ಆರಲೇಬೇಕು. ಗೇರ್ ನ್ಯೂಟ್ರಲ್‌ನಲ್ಲಿದ್ದರೂ ಕ್ಲಚ್ ಪೂರ್ತಿ ಒತ್ತಿ ಹಿಡಿಯಿರಿ. ಗೇರ್‌ಬಾಕ್ಸ್‌ನ ಮಂದ ಆಯಿಲ್ ಕಲಕುವ ಹೊರೆ ಸೆಲ್ಫ್ ಮೋಟರ್ ಮೇಲಿಂದ ತಪ್ಪುತ್ತದೆ. ಎಲೆಕ್ಟ್ರಾನಿಕ್ ಎಂಜಿನ್‌ಗೆ ಆಕ್ಸಿಲರೇಟರ್ ಮುಟ್ಟಬೇಡಿ, ಡೀಸೆಲ್ ಲೆಕ್ಕ ಅದಕ್ಕೇ ಗೊತ್ತು. ಹಳೆಯ ಪಂಪಿನ ಎಂಜಿನ್‌ಗೆ ಅರ್ಧ ಒತ್ತಿ, ಹತ್ತಿಕೊಂಡ ಕೂಡಲೇ ಬಿಡಿ. ಒಂದು ಸಲಕ್ಕೆ ಸೆಲ್ಫ್ 10 ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಮೂರು ಸಲಕ್ಕೂ ಹತ್ತದಿದ್ದರೆ ನಾಲ್ಕನೆಯದು ಹೊಡೆಯದೆ ಕಾರಣ ಹುಡುಕಿ. ಸ್ಟಾರ್ಟ್ ಆದ ಮೇಲೆ 10 ಸೆಕೆಂಡಿನೊಳಗೆ ಆಯಿಲ್ ಪ್ರೆಷರ್ ತೋರದಿದ್ದರೆ ತಕ್ಷಣ ಆಫ್ ಮಾಡಿ.

ಆಮೇಲೆ ಗಡಿಯಾರ ನೋಡುವುದಕ್ಕಿಂತ ಏರ್ ಗೇಜ್ ನೋಡುವುದು ಮೇಲು. 900ರಿಂದ 1000 ಆರ್‌ಪಿಎಂನಲ್ಲಿ ಹಿಡಿದರೆ, ಸೋರಿಕೆ ಇಲ್ಲದ ಗಾಡಿಯಲ್ಲಿ ಮೂರರಿಂದ ಐದು ನಿಮಿಷದಲ್ಲಿ ಏರ್ 7-8 ಬಾರ್‌ಗೆ ಬರುತ್ತದೆ, ಬಜರ್ ನಿಲ್ಲುತ್ತದೆ. ಎಂಜಿನ್‌ಗೆ ಬೇಕಾದ ಸಮಯವೂ ಅಷ್ಟೇ. ಏರ್ ತುಂಬುವ ಮೊದಲೇ ಹೊರಟರೆ ಹ್ಯಾಂಡ್ ಬ್ರೇಕಿನ ಸ್ಪ್ರಿಂಗ್ ಪೂರ್ತಿ ಬಿಟ್ಟಿರುವುದಿಲ್ಲ, ಹಿಂದಿನ ಡ್ರಮ್ ಉಜ್ಜಿಕೊಂಡೇ ಓಡಿ ಬ್ರೇಕ್ ಲೈನರ್ ಸುಡುತ್ತದೆ. ಐದು ನಿಮಿಷವಾದರೂ ಏರ್ ಹಿಡಿಯದಿದ್ದರೆ, ಅಥವಾ ರಾತ್ರಿ 8 ಇದ್ದದ್ದು ಬೆಳಗ್ಗೆ ಸೊನ್ನೆಯಾಗಿದ್ದರೆ, ಅದು ಚಳಿಯ ತಪ್ಪಲ್ಲ. ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ನಮ್ಮ ಮಂಜಿನ ಗಾಳಿಯಲ್ಲಿ ಏರ್ ಟ್ಯಾಂಕಿಗೆ ನೀರು ಬೇಗ ಸೇರುತ್ತದೆ. ಪ್ರತಿ ಸಂಜೆ ಟ್ಯಾಂಕಿನ ಅಡಿಯ ರಿಂಗ್ ಎಳೆದು ನೀರು ಬಿಡಿ. ನೀರಿನ ಜೊತೆ ಜಿಡ್ಡು ಹೆಚ್ಚಾಗಿ ಬಂದರೆ ಕಂಪ್ರೆಸರ್ ರಿಂಗ್ ಸವೆದಿರಬಹುದು.

ಹೊರಟ ಮೇಲಿನ ಮೊದಲ ನಾಲ್ಕೈದು ಕಿಲೋಮೀಟರ್ ನಿಜವಾದ ಬಿಸಿ ಮಾಡುವ ಹೊತ್ತು. 1500 ಆರ್‌ಪಿಎಂ ಮೀರಿಸದೆ, ಆಕ್ಸಿಲರೇಟರ್ ಪೂರ್ತಿ ಒತ್ತದೆ, ಟಾಪ್ ಗೇರಿನಲ್ಲಿ ಎಂಜಿನ್ ನರಳುವಂತೆ ಎಳೆಸದೆ ಹೋಗಬೇಕು. ಎಂಜಿನ್ ಒಂದೇ ಅಲ್ಲ, ಗೇರ್‌ಬಾಕ್ಸ್, ಹೌಸಿಂಗ್ (ಹಿಂದಿನ ಆಕ್ಸಲ್‌ನ ಗೇರ್ ಪೆಟ್ಟಿಗೆ), ಪವರ್ ಸ್ಟೇರಿಂಗ್ ಎಲ್ಲದರ ಆಯಿಲ್‌ಗೂ ಗಾಡಿ ಉರುಳಿದರೇನೇ ಸರಿಯಾದ ಕಾವು. ನಿಂತಲ್ಲಿ ಎಷ್ಟು ಹೊತ್ತು ಓಡಿಸಿದರೂ ಹೌಸಿಂಗ್ ಆಯಿಲ್ ಒಂದು ಡಿಗ್ರಿಯೂ ಏರುವುದಿಲ್ಲ.

ಇಲ್ಲಿ ಕೊಡಗಿನ ರಸ್ತೆಗೇ ಸೇರಿದ ಒಂದು ವಿಷಯವಿದೆ, ಹೊರಗಿನ ಪುಸ್ತಕಗಳು ಅದನ್ನು ಹೇಳುವುದಿಲ್ಲ. ಯಾವ ದಿಕ್ಕಿಗೆ ಹೊರಡುತ್ತೀರಿ ಎಂಬುದರ ಮೇಲೆ ಬಿಸಿ ಮಾಡುವ ಕ್ರಮ ಬದಲಾಗಬೇಕು. ಮಡಿಕೇರಿಯಿಂದ ಸಂಪಾಜೆ ಕಡೆಗೆ ಹೊರಟರೆ ಪೇಟೆ ದಾಟುತ್ತಲೇ ಇಳಿಜಾರು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟಾಗ ಎಲೆಕ್ಟ್ರಾನಿಕ್ ಎಂಜಿನ್ ಡೀಸೆಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಒಳಗೆ ಉರಿಯೇ ಇರುವುದಿಲ್ಲ, ತಣ್ಣಗಿನ ಗಾಳಿ ಮಾತ್ರ ಹೋಗಿ ಬರುತ್ತಿರುತ್ತದೆ. ಮೆಲ್ಲಗೆ ಓಡಿಸಿ ಬಿಸಿ ಮಾಡಿಕೊಳ್ಳುವ ಉಪಾಯ ಅಲ್ಲಿ ನಡೆಯುವುದಿಲ್ಲ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ ಇಳಿಯುವ ದಾರಿಯೂ ಹಾಗೆಯೇ. ಇಂಥ ಕಡೆ ಏರ್ ತುಂಬಿದ ಮೇಲೆ ಇನ್ನೆರಡು ಮೂರು ನಿಮಿಷ 1000 ಆರ್‌ಪಿಎಂನಲ್ಲಿ ನಿಲ್ಲಿಸಿಕೊಂಡು, ಪೇಟೆಯೊಳಗಿನ ಏರು ರಸ್ತೆಯಲ್ಲಿ ಸ್ವಲ್ಪ ಎಳೆಸಿ, ಘಾಟಿಯ ಮೊದಲ ತಿರುವಿಗೆ ಮುನ್ನ ಸಮತಟ್ಟಿನಲ್ಲಿ ಎರಡು ಸಲ ಬ್ರೇಕ್ ಒತ್ತಿ ನೋಡಿ. ರಾತ್ರಿಯ ಇಬ್ಬನಿಗೆ ಡ್ರಮ್ ಒಳಗೆ ತೆಳು ತುಕ್ಕು ಹಿಡಿದಿರುತ್ತದೆ, ಮೊದಲ ಒತ್ತು ಒಂದು ಪಕ್ಕಕ್ಕೆ ಎಳೆಯಬಹುದು. ಅದು ತಿರುವಿನಲ್ಲಿ ಗೊತ್ತಾಗಬಾರದು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ಯಾವ ಕಾಲಕ್ಕೂ ಬೇಡ.

ಏರುವ ದಿಕ್ಕಿನದು ಬೇರೆ ಕಥೆ. ಸಂಪಾಜೆ ಕಡೆ ರಾತ್ರಿ ನಿಂತ ಲೋಡ್ ಗಾಡಿ ಬೆಳಗ್ಗೆ ಹೊರಟರೆ ಎಂಜಿನ್ ಬೇಗ ಕಾಯುತ್ತದೆ. ಆದರೆ ತಣ್ಣಗಿರುವಾಗಲೇ ಪೂರ್ತಿ ಲೋಡ್ ಬಿದ್ದರೆ, ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲ ಲೈನರ್ ಇನ್ನೂ ತಣ್ಣಗೇ ಇರುತ್ತದೆ. ಪಿಸ್ಟನ್ ಕಚ್ಚುವುದು ಹೀಗೆ. ಕೂಲಂಟ್ ಮುಳ್ಳು 60ರ ಹತ್ತಿರ ಬರುವತನಕ ಒಂದು ಗೇರ್ ಕಡಿಮೆ ಇಟ್ಟುಕೊಂಡು ಏರಿ. ಮೇಲೆ ತಲುಪಿದ ಮೇಲೆ ಎರಡು ಮೂರು ನಿಮಿಷ ಐಡ್ಲಿಂಗ್ ಬಿಟ್ಟು ಆಮೇಲೆ ಆಫ್ ಮಾಡಿ. ಐಡ್ಲಿಂಗ್ ನಿಜಕ್ಕೂ ಬೇಕಿರುವುದು ಅಲ್ಲಿ, ಕೆಂಪಗೆ ಕಾದ ಟರ್ಬೊ ತಣಿಯುವುದಕ್ಕೆ.

ಥರ್ಮೋಸ್ಟಾಟ್ ಕಿತ್ತು ಎಸೆದಿರುವ ಗಾಡಿಗಳ ಬಗ್ಗೆ ಹೇಳದೆ ಇರಲಾಗದು. ಘಾಟಿಯಲ್ಲಿ ಒಮ್ಮೆ ಬಿಸಿ ಏರಿತೆಂದರೆ ಮೊದಲು ಕೀಳುವುದು ಅದನ್ನೇ. ಬಿಸಿ ಏರಲು ಕಾರಣ ಬಹುಮಟ್ಟಿಗೆ ಧೂಳು, ಕಾಫಿ ಸಿಪ್ಪೆ, ಹುಳು ಕಟ್ಟಿದ ರೇಡಿಯೇಟರ್, ಸಡಿಲ ಬೆಲ್ಟ್, ಕೆಲಸ ಮಾಡದ ಫ್ಯಾನ್. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಡಿಸೆಂಬರ್‌ನಲ್ಲಿ ಎಷ್ಟು ಓಡಿದರೂ ಸರಿಯಾದ ಶಾಖಕ್ಕೆ ಬರುವುದಿಲ್ಲ, ಡ್ರೈವರ್ ಅದನ್ನೇ ಚಳಿ ಎಂದುಕೊಂಡು ಇನ್ನಷ್ಟು ಐಡ್ಲಿಂಗ್ ಬಿಡುತ್ತಾರೆ. ಇನ್ನೊಂದು ಸಂಗತಿ: ಬಹಳಷ್ಟು ಲಾರಿಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವ ಕೆಲಸವೂ ಅದರದೇ. ಕಿತ್ತರೆ ಬೈಪಾಸ್ ಸದಾ ತೆರೆದಿರುತ್ತದೆ, ಒಂದಿಷ್ಟು ಬಿಸಿ ನೀರು ರೇಡಿಯೇಟರ್‌ಗೆ ಹೋಗದೆಯೇ ವಾಪಸ್ ಸುತ್ತುತ್ತದೆ. ಅಂದರೆ ಘಾಟಿಯಲ್ಲಿ ಬಿಸಿ ಇನ್ನೂ ಹೆಚ್ಚು. ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್ ಅನ್ನು ತಂತಿಯಲ್ಲಿ ತೂಗಿಬಿಟ್ಟು, ಪಕ್ಕದಲ್ಲಿ 100 ಡಿಗ್ರಿವರೆಗಿನ ಥರ್ಮಾಮೀಟರ್ ಹಿಡಿದು ಕಾಯಿಸಿ. ಅದರ ಮೇಲೆ ಅಚ್ಚಾಗಿರುವ ಡಿಗ್ರಿಗೆ ಬಾಯಿ ಬಿಡಲು ಶುರುವಾಗಬೇಕು, ಅಲ್ಲಿಂದ 10-15 ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು, ತಣಿದಾಗ ಸಂದಿಲ್ಲದೆ ಮುಚ್ಚಬೇಕು. ಮುಚ್ಚದಿದ್ದರೆ ಹೊಸದು ಹಾಕಿ. ರೇಡಿಯೇಟರ್ ಮುಂದೆ ಗೋಣಿ, ರಟ್ಟು ಕಟ್ಟುವುದು ಇಲ್ಲಿ ಬೇಡ. ಮರೆತು ಘಾಟಿ ಏರಿದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಚಳಿಯಲ್ಲಿ ಸ್ಟಾರ್ಟ್ ಆಗದ ಗಾಡಿಗೆ ಸಾಮಾನ್ಯ ಕಾರಣ ಬ್ಯಾಟರಿ. ಡೀಸೆಲ್‌ಗೆ ಕಿಡಿ ಇಲ್ಲ, ಒತ್ತಿದ ಗಾಳಿಯ ಶಾಖದಲ್ಲೇ ಅದು ಹತ್ತಿಕೊಳ್ಳಬೇಕು. ಸೆಲ್ಫ್ ನಿಧಾನವಾಗಿ ತಿರುಗಿದರೆ ಗಾಳಿ ರಿಂಗ್ ಸಂದಿನಿಂದ ಸೋರುತ್ತದೆ, ಶಾಖವನ್ನು ತಣ್ಣಗಿನ ಗೋಡೆ ಹೀರುತ್ತದೆ. ರಾತ್ರಿ ನಿಂತ 12 ವೋಲ್ಟಿನ ಬ್ಯಾಟರಿ ಬೆಳಗ್ಗೆ 12.6 ತೋರಬೇಕು, 12.2 ಎಂದರೆ ಅರ್ಧ ಚಾರ್ಜು. ಆಸಿಡ್ ಅಳೆಯುವ ಹೈಡ್ರೋಮೀಟರ್‌ನಲ್ಲಿ 1260ಕ್ಕೆ ಮೇಲಿದ್ದರೆ ಸರಿ, 1200ಕ್ಕೆ ಇಳಿದಿದ್ದರೆ ಚಾರ್ಜಿಗೆ ಕೊಡಿ. ಲಾರಿಯ 24 ವೋಲ್ಟಿಗೆ ಎರಡು ಬ್ಯಾಟರಿ ಜೋಡಿಯಾಗಿರುವುದರಿಂದ ಒಂದು ಹಳತು ಒಂದು ಹೊಸತು ಹಾಕಿದರೆ ಹೊಸದೂ ಬೇಗ ಕೆಡುತ್ತದೆ. ಸೆಲ್ಫ್ ಹೊಡೆಯುವಾಗ ಒಟ್ಟು 19 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸುವ ಮೊದಲು ಟರ್ಮಿನಲ್‌ನ ಹಸಿರು ಹೂವನ್ನು ಬಿಸಿನೀರಲ್ಲಿ ತೊಳೆದು, ಚಾಸಿಗೂ ಎಂಜಿನ್‌ಗೂ ಹೋಗುವ ಅರ್ಥ್ ವೈರ್ ಬಿಚ್ಚಿ ಉಜ್ಜಿ ಬಿಗಿ ಮಾಡಿ ನೋಡಿ. ಮಳೆಗಾಲ ಮುಗಿದ ಗಾಡಿಯಲ್ಲಿ ಎಷ್ಟೋ ಸಲ ತೊಂದರೆ ಅಷ್ಟರದ್ದೇ.

ಎರಡನೆಯದು ಡೀಸೆಲ್‌ನಲ್ಲಿನ ನೀರು. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಣಿದು ಹನಿಯಾಗಿ ಕೆಳಗಿಳಿಯುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿಟ್ಟರೆ ಹನಿ ಕಟ್ಟಲು ಜಾಗವಿರುವುದಿಲ್ಲ. ವಾರಕ್ಕೊಮ್ಮೆ, ಕೊಯ್ಲಿನ ಕಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ, ಫಿಲ್ಟರ್ ಅಡಿಯ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಒಂದು ಲೋಟದಷ್ಟು ಬಿಡಿ. ಐದು ನಿಮಿಷ ಇಟ್ಟರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಮೇಲೆ ಡೀಸೆಲ್. ಬರೀ ಡೀಸೆಲ್ ಬರುವತನಕ ಬಿಟ್ಟು, ತಿರುಪು ಬಿಗಿದು, ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ.

ಮೇಣ ಕಟ್ಟುವ ಭಯ ಬಂಕಿನ ತಾಜಾ ಡೀಸೆಲ್‌ಗೆ ಇಲ್ಲಿ ಇಲ್ಲವೆಂದೇ ಹೇಳಬೇಕು. ಆದರೆ ತೋಟಗಳಲ್ಲಿ ಬ್ಯಾರಲ್‌ನಲ್ಲಿ ಇಟ್ಟ ಡೀಸೆಲ್ ವಿಷಯ ಬೇರೆ. ನಮ್ಮ ದೇಶದ ಡೀಸೆಲ್ ಮಾನಕ ಐಎಸ್ 1460ರ ಪ್ರಕಾರ ಚಳಿಯಲ್ಲಿ ಫಿಲ್ಟರ್ ಕಟ್ಟುವ ಉಷ್ಣಾಂಶದ ಮಿತಿ ನವೆಂಬರ್‌ನಿಂದ ಫೆಬ್ರುವರಿವರೆಗೆ 6 ಡಿಗ್ರಿ, ಉಳಿದ ತಿಂಗಳಲ್ಲಿ 18 ಡಿಗ್ರಿ. ಇದು ಮೇಲ್ಮಿತಿ, ಬರುವ ಡೀಸೆಲ್ ಇದಕ್ಕಿಂತ ಚೆನ್ನಾಗಿರಬಹುದು. ಆದರೂ ಸೆಪ್ಟೆಂಬರ್‌ನಲ್ಲಿ ತುಂಬಿಸಿಟ್ಟ ಬ್ಯಾರಲ್‌ನ ಡೀಸೆಲ್ ಡಿಸೆಂಬರ್‌ನ ಬೆಳಗ್ಗೆ ಮಬ್ಬಾಗಿ ಕಂಡರೆ ಆಶ್ಚರ್ಯವಿಲ್ಲ. ಹಳೆಯದನ್ನು ಕೊಯ್ಲಿಗೆ ಮುನ್ನ ಖಾಲಿ ಮಾಡಿ. ಚಳಿಗೆಂದು ಸೀಮೆಎಣ್ಣೆ ಬೆರೆಸಬೇಡಿ. ಪಂಪಿಗೂ ಇಂಜೆಕ್ಟರ್‌ಗೂ ಡೀಸೆಲ್ಲೇ ಆಯಿಲ್, ಸೀಮೆಎಣ್ಣೆಗೆ ಆ ಜಿಡ್ಡಿಲ್ಲ.

ಪಿಕಪ್‌ಗಳಲ್ಲಿ ಹೀಟರ್ ಪ್ಲಗ್ ಒಂದು ಹೋದರೆ ಒಂದು ಸಿಲಿಂಡರ್ ತಡವಾಗಿ ಹತ್ತಿ ಗಾಡಿ ನಡುಗುತ್ತದೆ. ಪ್ಲಗ್‌ನ ವೈರ್ ಬಿಚ್ಚಿ ಮೀಟರ್ ಇಟ್ಟರೆ ಒಂದು ಓಮ್‌ನ ಆಸುಪಾಸು ತೋರಬೇಕು, ಏನೂ ತೋರದಿದ್ದರೆ ಪ್ಲಗ್ ಹೋಗಿದೆ.

ಸ್ಟಾರ್ಟ್ ಆಗದಾಗ ಮಾಡುವ ಕೆಲವು ಸಾಹಸಗಳನ್ನು ದಯವಿಟ್ಟು ನಿಲ್ಲಿಸಿ. ಪೆಟ್ರೋಲ್ ಅದ್ದಿದ ಬಟ್ಟೆಯನ್ನು ಏರ್ ಕ್ಲೀನರ್ ಬಾಯಿಗೆ ಹಿಡಿದರೆ ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಅಂಚು ಒಡೆಯುತ್ತದೆ. ಹೀಟರ್ ಇರುವ ಎಂಜಿನ್‌ನಲ್ಲಂತೂ ಬೆಂಕಿ ಹೊರಗೇ ಬರುತ್ತದೆ. ಚೇಂಬರ್ ಅಡಿ ಸೌದೆ ಹೊತ್ತಿಸುವುದೂ ಹಾಗೆಯೇ, ಈಗಿನ ಗಾಡಿಗಳ ಅಡಿಯಲ್ಲೆಲ್ಲ ವೈರು, ಪ್ಲಾಸ್ಟಿಕ್ ಪೈಪು. ನಮ್ಮ ಕಡೆಯ ವಿಶೇಷ ರೂಢಿಯೆಂದರೆ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಿ ಬೆಳಗ್ಗೆ ಉರುಳಿಸಿ ಗೇರಿಗೆ ಬಿಡುವುದು. ಎಂಜಿನ್ ಓಡದೆ ಏರ್ ತುಂಬುವುದಿಲ್ಲ, ರಾತ್ರಿ ಉಳಿದ ಏರ್ ಕೆಲವೇ ಒತ್ತಿಗೆ ಮುಗಿಯುತ್ತದೆ. ಪಿಕಪ್‌ನಲ್ಲಾದರೆ ಬ್ರೇಕಿಗೆ ವ್ಯಾಕ್ಯೂಮ್ ಸಿಗದೆ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗೂ ಬಿಗಿ. ಎಂಜಿನ್ ಹತ್ತದೇ ಹೋದರೆ ಗಾಡಿಯನ್ನು ಹಿಡಿತದಲ್ಲಿಟ್ಟು ನಿಲ್ಲಿಸುವುದು ಡ್ರೈವರ್‌ಗೆ ಬಹಳ ಕಷ್ಟ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಬಿಗಿಯಾದ ಹೊಗೆ ನಿಯಮದ) ಗಾಡಿಗಳಿಗೆ ಐಡ್ಲಿಂಗ್ ಇನ್ನೂ ದುಬಾರಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಅವುಗಳ ಸೈಲೆನ್ಸರ್‌ನಲ್ಲಿದೆ. ಕಟ್ಟಿದ ಮಸಿ ಸುಟ್ಟುಹೋಗಲು 550-600 ಡಿಗ್ರಿ ಶಾಖ ಬೇಕು. ಐಡ್ಲಿಂಗ್‌ನ ಹೊಗೆ ಅದರ ಹತ್ತಿರಕ್ಕೂ ಬರುವುದಿಲ್ಲ, ಮಸಿ ಮಾತ್ರ ತುಂಬುತ್ತದೆ. ತೋಟದಿಂದ ಕಣಕ್ಕೆ, ಕಣದಿಂದ ತೋಟಕ್ಕೆ ಎರಡು ಮೂರು ಕಿಲೋಮೀಟರ್ ಓಡಾಡುವ ಗಾಡಿಗಳು ಇಡೀ ಕೊಯ್ಲಿನಲ್ಲಿ ಒಮ್ಮೆಯೂ ಸರಿಯಾಗಿ ಕಾಯುವುದಿಲ್ಲ. ಫಿಲ್ಟರ್ ದೀಪ ಹೊತ್ತಿದರೆ ಅಂದೇ ಮಡಿಕೇರಿ-ಕುಶಾಲನಗರದಂಥ ರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ, ಇಲ್ಲವೇ ಪುಸ್ತಕದಲ್ಲಿ ಹೇಳಿದಂತೆ ನಿಂತಲ್ಲೇ ಸುಡುವ ಬಟನ್ ಒತ್ತಿ, ಅಡಿಯಲ್ಲಿ ಒಣ ಹುಲ್ಲು, ತರಗೆಲೆ ಇಲ್ಲದ ಜಾಗದಲ್ಲಿ. ಆಡ್‌ಬ್ಲೂ (ಹೊಗೆ ಶುದ್ಧ ಮಾಡಲು ತುಂಬುವ ಯೂರಿಯಾ ದ್ರಾವಣ) ಹೆಪ್ಪುಗಟ್ಟುತ್ತದೆ ಎಂಬ ಭಯ ಬೇಡ, ಅದು ಗಟ್ಟಿಯಾಗುವುದು ಸೊನ್ನೆಗಿಂತ 11 ಡಿಗ್ರಿ ಕೆಳಗೆ.

ಖರ್ಚಿನ ಲೆಕ್ಕಕ್ಕೂ ಮೊದಲು ನೋಡಬೇಕಾದದ್ದು ಹೊಗೆ. ಚಳಿಯ ಬೆಳಗ್ಗೆ ಕಣಿವೆಯಲ್ಲಿ ಗಾಳಿ ಅಲುಗುವುದಿಲ್ಲ, ಹೊಗೆ ಮಂಜಿನ ಕೆಳಗೇ ನಿಲ್ಲುತ್ತದೆ. ಗಾಡಿ ನಿಲ್ಲುವುದು ಬಹಳ ಕಡೆ ತೋಟದ ಕೆಲಸಗಾರರ ಲೈನ್ ಮನೆಗಳ ಎದುರಿಗೇ. ಒಳಗೆ ಮಕ್ಕಳು ಮಲಗಿರುತ್ತಾರೆ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲ ವರ್ಗಕ್ಕೆ ಸೇರಿಸಿದೆ. ಮುಚ್ಚಿದ ಶೆಡ್‌ನೊಳಗೆ ಸ್ಟಾರ್ಟ್ ಮಾಡಿ ಬಾಗಿಲು ಹಾಕಿಕೊಂಡು ಕೂರುವುದಂತೂ ಪ್ರಾಣಕ್ಕೇ ಅಪಾಯ.

ತೋಟದ ಮಾಲೀಕರಲ್ಲಿ, ತೋಟದ ಕೆಲಸ-ಲೆಕ್ಕ ನೋಡಿಕೊಳ್ಳುವ ರೈಟರ್‌ಗಳಲ್ಲಿ ನಮ್ಮ ಕೋರಿಕೆ ಎರಡು. ಲಾರಿ ರಾತ್ರಿ ನಿಲ್ಲಲು ಲೈನ್ ಮನೆಯಿಂದ ದೂರ, ಸಮತಟ್ಟಾದ ಒಂದು ಜಾಗ ತೋರಿಸಿ. ಚಕ್ರಕ್ಕೆ ಅಡ್ಡ ಕೊಡಲು ಎರಡು ಮರದ ದಿಮ್ಮಿ ಅಲ್ಲೇ ಇರಲಿ. ಇನ್ನು ಲೋಡಿಂಗ್ ಮುಗಿಯುವ ಮೊದಲೇ ‘ಗಾಡಿ ಸ್ಟಾರ್ಟ್ ಮಾಡಿಡಪ್ಪ’ ಎಂದು ಡ್ರೈವರ್‌ಗೆ ಅವಸರ ಹಚ್ಚಬೇಡಿ. ಕೊನೆಯ ಮೂಟೆ ಬಿದ್ದು ಹಗ್ಗ ಬಿಗಿಯುವಾಗ ಸ್ಟಾರ್ಟ್ ಮಾಡಿದರೆ, ಟಾರ್ಪಾಲು ಕಟ್ಟಿ ಮುಗಿಯುವಷ್ಟರಲ್ಲಿ ಏರ್ ತುಂಬಿರುತ್ತದೆ.

ಇತಿ,
ಕೊಡಗಿನ ಕೆಲವು ಲಾರಿ ಚಾಲಕರು ಮತ್ತು ಮೆಕ್ಯಾನಿಕ್‌ಗಳು